ಗಿರೀಶ ಕಾರ್ನಾಡರ ನಿರ್ದೇಶನದ ಬಗ್ಗೆ ನಾವು ಯಾಕೆ ಇಷ್ಟು ಕಡಿಮೆ ಮಾತಾಡುತ್ತೇವೆ?

ಹೇಮಾವತಿ ದಂಡೆ, ಹಾಸನ

ಎಲ್ಲರಿಗೂ ನಮಸ್ಕಾರ. ತುಂಬ ದಿನದಿಂದ ತಲೆಯಲ್ಲಿದ್ದ ವಿಷಯ, ಇವತ್ತು ಬರೆದೇ ಬಿಡುತ್ತೇನೆ.

ಕಾರ್ನಾಡ್ ಅಂದ ತಕ್ಷಣ ಓದುವವರು ತುಘಲಕ್, ಹಯವದನ ಅನ್ನುತ್ತಾರೆ. ನನ್ನ ವಯಸ್ಸಿನವರು ಮಾಲ್ಗುಡಿ ಡೇಸ್‌ನಲ್ಲಿ ಸ್ವಾಮಿಯ ಅಪ್ಪ ಅನ್ನುತ್ತಾರೆ. ಕಾಲೇಜು ಹುಡುಗರು ಏಕ್ ಥಾ ಟೈಗರ್ ನೆನಪು ಮಾಡಿಕೊಳ್ಳುತ್ತಾರೆ. ಅವರು ಸಿನಿಮಾ ನಿರ್ದೇಶಕರೂ ಆಗಿದ್ದರು ಅಂತ ಯಾರಾದರೂ ನೆನಪಿಸಬೇಕು. ಇದು ನನಗೆ ಬೇಜಾರಿನ ವಿಷಯ. ಅದರಲ್ಲೂ ನಮ್ಮ ಹಾಸನ, ಚಿಕ್ಕಮಗಳೂರಿನವರು ಮರೆಯಬಾರದು. ಯಾಕೆ ಅಂತ ಹೇಳುತ್ತೇನೆ.

ಅವರು ಕ್ಯಾಮೆರಾ ಮುಂದೆ ಮೊದಲು ನಿಂತದ್ದು ಶೃಂಗೇರಿ ಹತ್ತಿರದ ವೈಕುಂಠಪುರದಲ್ಲಿ. ಸಂಸ್ಕಾರ ಚಿತ್ರಕ್ಕೆ, ಪ್ರಾಣೇಶಾಚಾರ್ಯನ ಪಾತ್ರ. ಚಿತ್ರಕತೆಯೂ ಅವರದೇ. ಅದಾಗಿ ಒಂದೇ ವರ್ಷಕ್ಕೆ, 1971ರಲ್ಲಿ, ಬಿ.ವಿ. ಕಾರಂತರ ಜೊತೆ ಸೇರಿ ವಂಶವೃಕ್ಷ ನಿರ್ದೇಶಿಸಿದರು. ಅದು ನಮ್ಮ ಚನ್ನರಾಯಪಟ್ಟಣ ತಾಲ್ಲೂಕು ಸಂತೇಶಿವರದ ಎಸ್.ಎಲ್. ಭೈರಪ್ಪನವರ ಕಾದಂಬರಿ. ಅಂದರೆ ನಟನಾದದ್ದು ಚಿಕ್ಕಮಗಳೂರು ಜಿಲ್ಲೆಯಲ್ಲಿ, ನಿರ್ದೇಶಕನಾದದ್ದು ಹಾಸನ ಜಿಲ್ಲೆಯವರ ಕತೆಯಿಂದ. ಆ ಮೊದಲ ಚಿತ್ರಕ್ಕೇ ಇಬ್ಬರಿಗೂ ಸೇರಿ ಅತ್ಯುತ್ತಮ ನಿರ್ದೇಶನದ ರಾಷ್ಟ್ರಪ್ರಶಸ್ತಿ ಬಂತು.

ನನ್ನ ಮಾತು ಇಷ್ಟು. ಕಾರ್ನಾಡ್ ನಿರ್ದೇಶಕರಾಗಿ ಗೆದ್ದಿರುವುದು ನಟರನ್ನು ಗುರುತಿಸುವುದರಲ್ಲಿ. ತಾನೇ ಮುಂದೆ ನಿಂತು ನಟಿಸಿದವನಿಗೆ ಮಾತ್ರ ಬರುವ ಒಂದು ಕಣ್ಣು ಅದು. ವಂಶವೃಕ್ಷದಲ್ಲಿ ಒಬ್ಬ ಹೊಸ ಹುಡುಗ ಬಂದ, ಮುಂದೆ ಅವನೇ ವಿಷ್ಣುವರ್ಧನ್. ಒಂದಾನೊಂದು ಕಾಲದಲ್ಲಿ ಚಿತ್ರದಲ್ಲಿ ಇನ್ನೊಬ್ಬ ಬಂದ, ಅವನು ಶಂಕರ್‌ನಾಗ್. ಕನ್ನಡಿಗರು ಇವತ್ತಿಗೂ ಆಟೋ ಹಿಂದೆ ಅಂಟಿಸಿಕೊಂಡು ಓಡಾಡುವ ಮುಖ ಅದು. ಬೇರೆ ಯಾವ ಕನ್ನಡ ನಿರ್ದೇಶಕರ ಲೆಕ್ಕದಲ್ಲಿ ಇಂಥ ಎರಡು ಹೆಸರು ಒಟ್ಟಿಗೆ ಸಿಗುತ್ತವೆ ಹೇಳಿ?

ನಿಮಗೆ ಏನನ್ನಿಸುತ್ತದೆ? ಸುಮ್ನೆ ಹೊಗಳಬೇಡಿ, ನೋಡಿದ್ದನ್ನು ಬರೆಯಿರಿ.

ತುಂಗೆಯ ತಡಿ, ಶೃಂಗೇರಿ

ಸಾರ್, ವೈಕುಂಠಪುರದ ಹೆಸರು ತೆಗೆದದ್ದಕ್ಕೆ ಮೊದಲು ಥ್ಯಾಂಕ್ಸ್. ಇಲ್ಲಿಗೆ ಬರುವ ಪ್ರವಾಸಿಗರಿಗೆ ಮಠ ಗೊತ್ತು, ಸಿರಿಮನೆ ಜಲಪಾತ ಗೊತ್ತು, ಸಂಸ್ಕಾರ ಇಲ್ಲಿ ಆಯಿತು ಅನ್ನುವುದು ಗೊತ್ತಿಲ್ಲ. ಆ ಚಿತ್ರ ನೋಡುವಾಗ ನನಗೆ ಕತೆಗಿಂತ ಮೊದಲು ಜಾಗ ಕಾಣುತ್ತದೆ. ಹೆಂಚಿನ ಮನೆಗಳ ಸಾಲು, ಜಗಲಿ, ಮನೆ ಹಿಂದಿನ ಗಿಡಮರ, ಆ ಮಬ್ಬು ಬೆಳಕು. ಕ್ಯಾಮೆರಾ ಹಿಡಿದವರು ಆಸ್ಟ್ರೇಲಿಯಾದ ಟಾಮ್ ಕೋವನ್. ನಮ್ಮ ಊರಿನ ಬೆಳಕನ್ನು ಹೊರಗಿನವರೊಬ್ಬರು ಇಷ್ಟು ಚೆನ್ನಾಗಿ ಹಿಡಿದದ್ದು ನನಗೆ ಯಾವಾಗಲೂ ಆಶ್ಚರ್ಯ.

ಒಂದು ಸೇರಿಸುತ್ತೇನೆ. ಸಂಸ್ಕಾರ ಆಗಿದ್ದು ಮದ್ರಾಸಿನ ಗೆಳೆತನದಿಂದ. ಕಾರ್ನಾಡ್ ಆಕ್ಸ್‌ಫರ್ಡ್‌ನಲ್ಲಿ ರೋಡ್ಸ್ ಸ್ಕಾಲರ್ ಆಗಿ ಓದಿ ಬಂದು 1963ರಿಂದ ಮದ್ರಾಸಿನ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್‌ನಲ್ಲಿ ಕೆಲಸಕ್ಕಿದ್ದರು. ಸಂಜೆಯಾದರೆ ಮದ್ರಾಸ್ ಪ್ಲೇಯರ್ಸ್ ಅನ್ನುವ ಹವ್ಯಾಸಿ ತಂಡದಲ್ಲಿ ನಾಟಕ. ಅದೇ ಬಳಗದಲ್ಲಿ ಸ್ನೇಹಲತಾ ರೆಡ್ಡಿ ಇದ್ದರು, ಅವರ ಗಂಡ ಪಟ್ಟಾಭಿರಾಮ ರೆಡ್ಡಿ ಇದ್ದರು. ಪಟ್ಟಾಭಿ ಅವರು ತೆಲುಗು ಕವಿ. ಅವರು ಅನಂತಮೂರ್ತಿಯವರ ಕನ್ನಡ ಕಾದಂಬರಿಯನ್ನು ಸಿನಿಮಾ ಮಾಡಲು ಹೊರಟರು. ಸ್ನೇಹಲತಾ ಚಂದ್ರಿಯಾದರು, ಪಿ. ಲಂಕೇಶ್ ನಾರಣಪ್ಪನಾದರು, ರಾಜೀವ ತಾರಾನಾಥ್ ಸಂಗೀತ ಕೊಟ್ಟರು. ಸೆನ್ಸಾರ್‌ನವರು ಮೊದಲು ತಡೆದರು. ಆಮೇಲೆ ಬಿಡುಗಡೆಯಾಗಿ, ದೇಶದ ಅತ್ಯುತ್ತಮ ಚಿತ್ರ ಅಂತ ಸ್ವರ್ಣಕಮಲ ಪಡೆದ ಮೊದಲ ಕನ್ನಡ ಚಿತ್ರವಾಯಿತು.

ಈ ತಂಡದಲ್ಲಿ ಹೆಚ್ಚಿನವರು ಸಿನಿಮಾದವರೇ ಅಲ್ಲ. ಕವಿ, ಕತೆಗಾರ, ನಾಟಕಕಾರ, ಸರೋದ್ ನುಡಿಸುವವರು. ಸ್ಟುಡಿಯೋ ಇಲ್ಲದೆ, ಸ್ಟಾರ್ ಇಲ್ಲದೆ ಒಂದು ಊರಿಗೆ ಹೋಗಿ ಕೂತು ಸಿನಿಮಾ ಮಾಡಬಹುದು ಅಂತ ಕಾರ್ನಾಡ್ ಕಲಿತದ್ದು ನಮ್ಮ ಈ ಮಲೆನಾಡಿನ ಅಗ್ರಹಾರದಲ್ಲೇ ಅಂತ ನಾನು ನಂಬುತ್ತೇನೆ.

ಸ್ನೇಹಲತಾ ಅವರ ಕೊನೆ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ತುರ್ತು ಪರಿಸ್ಥಿತಿಯಲ್ಲಿ ಜೈಲಿಗೆ ಹಾಕಿದರು. ಆಸ್ತಮಾ ಇತ್ತು. 1977ರ ಜನವರಿಯಲ್ಲಿ ಬಿಡುಗಡೆಯಾದ ಕೆಲವೇ ದಿನಕ್ಕೆ ತೀರಿಕೊಂಡರು.

ಪಟ್ಟಣದ ಓದುಗ, ಚನ್ನರಾಯಪಟ್ಟಣ

ಹಾಸನದ ಸಾರ್ ಬರೆದದ್ದು ಸರಿ, ಆದರೆ ನನ್ನದು ಸ್ವಲ್ಪ ತಕರಾರು ಇದೆ. ನಾನು ಭೈರಪ್ಪನವರ ಓದುಗ, ನಮ್ಮ ತಾಲ್ಲೂಕಿನವರು ಅನ್ನುವ ಅಭಿಮಾನವೂ ಇದೆ, ಅದನ್ನು ಮುಚ್ಚಿಡುವುದಿಲ್ಲ.

ವಂಶವೃಕ್ಷ ಕಾದಂಬರಿಯಲ್ಲಿ ಶ್ರೀನಿವಾಸ ಶ್ರೋತ್ರಿಯವರು ಬೆಟ್ಟದಂಥ ಮನುಷ್ಯ. ವಿಧವೆ ಸೊಸೆ ಕಾತ್ಯಾಯನಿ ಓದಬೇಕು ಅನ್ನುತ್ತಾಳೆ, ಆಮೇಲೆ ಮತ್ತೆ ಮದುವೆಯಾಗುತ್ತಾಳೆ. ಆಗ ಶ್ರೋತ್ರಿಯವರ ಒಳಗೆ ನಡೆಯುವುದನ್ನು ಭೈರಪ್ಪ ಪುಟಗಟ್ಟಲೆ ಬಿಡಿಸುತ್ತಾರೆ. ಸಿನಿಮಾದಲ್ಲಿ ಅದಕ್ಕೆಲ್ಲ ಜಾಗ ಎಲ್ಲಿ? ವೆಂಕಟರಾವ್ ತಲಗೇರಿ ಚೆನ್ನಾಗಿ ನಟಿಸಿದ್ದಾರೆ, ಎಲ್.ವಿ. ಶಾರದಾ ಅವರಂತೂ ಕಾತ್ಯಾಯನಿಯೇ ಆಗಿಬಿಟ್ಟಿದ್ದಾರೆ. ಆದರೆ ಚಿತ್ರ ಮುಗಿದಾಗ ನನ್ನ ಮನಸ್ಸು ಕಾತ್ಯಾಯನಿ ಜೊತೆ ಇರುತ್ತದೆ, ಪುಸ್ತಕ ಮುಗಿದಾಗ ಶ್ರೋತ್ರಿಯವರ ಜೊತೆ ಇರುತ್ತದೆ. ನಿರ್ದೇಶಕರು ತಮಗೆ ಬೇಕಾದ ಕಡೆ ವಾಲಿಸಿದ್ದಾರೆ ಅನ್ನುವುದು ನನ್ನ ಅಭಿಪ್ರಾಯ.

1977ರ ತಬ್ಬಲಿಯು ನೀನಾದೆ ಮಗನೆ ಕೂಡ ಹಾಗೇ. ಅದೂ ಕಾರಂತ ಮತ್ತು ಕಾರ್ನಾಡರ ಜೋಡಿ, ಅದೂ ಭೈರಪ್ಪನವರ ಕಾದಂಬರಿ. ಅಮೆರಿಕಕ್ಕೆ ಹೋಗಿ ಬಂದ ಮಗ, ಹಸುಗಳನ್ನು ದೇವರು ಅಂತ ಸಾಕಿದ ಮನೆ, ವಿದೇಶಿ ಹೆಂಡತಿ. ಹೆಸರೇ ಗೋವಿನ ಹಾಡಿನ ಸಾಲು. ಗೋಮಾಳ ಮೇಯಿಸಿ ಬೆಳೆದ ನಮ್ಮ ಕಡೆಯವರಿಗೆ ಆ ಕತೆ ಕರುಳಿಗೆ ತಾಗುತ್ತದೆ. ಚಿತ್ರ ನನ್ನನ್ನು ಅಷ್ಟು ಮುಟ್ಟಲಿಲ್ಲ. ನಸೀರುದ್ದೀನ್ ಶಾ ಕನ್ನಡದಲ್ಲಿ ನಟಿಸಿದ್ದಾರೆ ಅನ್ನುವುದೇ ಜನಕ್ಕೆ ಜಾಸ್ತಿ ನೆನಪಿದೆ.

ಇಬ್ಬರೂ ದೊಡ್ಡವರು. ಮುಂದೆ 2006ರಲ್ಲಿ ಟಿಪ್ಪು ವಿಷಯಕ್ಕೆ ಪತ್ರಿಕೆಯಲ್ಲಿ ಬಹಿರಂಗವಾಗಿ ವಾದ ಮಾಡಿಕೊಂಡರು, ಅದು ಎಲ್ಲರಿಗೂ ಗೊತ್ತು. ಆದರೆ ಆ ಜಗಳವನ್ನು 1971ರ ಚಿತ್ರದೊಳಗೆ ಹುಡುಕುವುದು ಸರಿಯಲ್ಲ. ನಾನು ಹೇಳುತ್ತಿರುವುದು ಬರೀ ಸಿನಿಮಾದ ಮಾತು.

ಹೇಮಾವತಿ ದಂಡೆ, ಹಾಸನ

ಓದುಗರೇ, ನೀವು ಹೇಳಿದ "ವಾಲಿಸಿದ್ದಾರೆ" ಅನ್ನುವುದು ನನಗೆ ಚಿತ್ರದ ಶಕ್ತಿಯಾಗಿಯೇ ಕಾಣುತ್ತದೆ. ಪುಸ್ತಕದಲ್ಲಿ ಶ್ರೋತ್ರಿಯವರ ಯೋಚನೆಯನ್ನು ಓದಬಹುದು. ಪರದೆ ಮೇಲೆ ಯೋಚನೆ ಕಾಣುವುದಿಲ್ಲ, ಮುಖ ಕಾಣುತ್ತದೆ. ಶಾರದಾ ಅವರ ಮುಖ ಅಷ್ಟು ಮಾತಾಡುತ್ತಿರುವಾಗ ನೋಡುವವರು ಅವಳ ಕಡೆ ಹೋಗದೆ ಇನ್ನೆಲ್ಲಿಗೆ ಹೋಗುತ್ತಾರೆ? ನಟನಾಗಿದ್ದವನು ನಿರ್ದೇಶಕನಾದರೆ ಇದೇ ಆಗುವುದು, ಅವನು ಮುಖವನ್ನು ನಂಬುತ್ತಾನೆ.

ತಬ್ಬಲಿ ವಿಷಯದಲ್ಲಿ ನಿಮ್ಮ ಮಾತು ಒಪ್ಪುತ್ತೇನೆ. ಅದರ ಹಿಂದಿ ರೂಪ ಗೋಧೂಳಿ ಕೂಡ ಮಾಡಿದರು. ಒಂದೇ ಕತೆಯನ್ನು ಎರಡು ಭಾಷೆಗೆ ಎಳೆದಾಗ ಹಳ್ಳಿಯ ಮಣ್ಣಿನ ವಾಸನೆ ಸ್ವಲ್ಪ ಹೋಗಿದೆ ಅನ್ನಿಸುತ್ತದೆ.

ಕಾಫಿ ಹೂವು, ಸಕಲೇಶಪುರ

ನೀವೆಲ್ಲ ಕಾಡು ಚಿತ್ರ ಬಿಟ್ಟು ಏನು ಮಾತಾಡುತ್ತಿದ್ದೀರಿ? ಕಾರ್ನಾಡರು ಬೇರೆಯವರ ಜೊತೆ ಸೇರದೆ ಒಬ್ಬರೇ ಮಾಡಿದ ಮೊದಲ ಕಥಾಚಿತ್ರ ಅದು, 1973. ಶ್ರೀಕೃಷ್ಣ ಆಲನಹಳ್ಳಿ ಅವರ ಕಾದಂಬರಿ. ನನ್ನ ಪ್ರಕಾರ ಅವರ ಎಲ್ಲ ಸಿನಿಮಾಗಳಲ್ಲಿ ಅದೇ ಮೇಲು.

ಕತೆ ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳುತ್ತೇನೆ. ಕಿಟ್ಟಿ ಅಂತ ಒಬ್ಬ ಹುಡುಗ, ದೊಡ್ಡವರ ಮನೆಯಲ್ಲಿ ಬೆಳೆಯುತ್ತಿದ್ದಾನೆ. ಯಜಮಾನನಿಗೆ ಪಕ್ಕದ ಊರಲ್ಲಿ ಇನ್ನೊಬ್ಬಳ ಸಂಬಂಧ. ಮನೆಯಲ್ಲಿ ಹೆಂಡತಿ ಕಮಲಿ ಒಳಗೊಳಗೇ ಬೇಯುತ್ತಾಳೆ. ಎರಡೂ ಊರಿನ ನಡುವೆ ದ್ವೇಷ ಹತ್ತಿಕೊಳ್ಳುತ್ತದೆ. ಕಾಡಿನಲ್ಲಿ ಒಂದು ಹಕ್ಕಿ ಇದೆ, ಅದು ಹೆಸರು ಹಿಡಿದು ಕರೆಯುತ್ತದೆ, ಓಗೊಟ್ಟವರು ಸಾಯುತ್ತಾರೆ ಅನ್ನುವ ನಂಬಿಕೆ ಹುಡುಗನ ತಲೆಯಲ್ಲಿ ಕೂತಿದೆ. ದೊಡ್ಡವರ ಇಷ್ಟೂ ರಂಪವನ್ನು ನಾವು ಆ ಹುಡುಗನ ಕಣ್ಣಲ್ಲೇ ನೋಡುತ್ತೇವೆ. ಅವನಿಗೆ ಅರ್ಧ ಅರ್ಥವಾಗುತ್ತದೆ, ಅರ್ಧ ಆಗುವುದಿಲ್ಲ. ನಮಗೆ ಪೂರ್ತಿ ಅರ್ಥವಾಗುತ್ತದೆ. ಅದೇ ಭಯ.

ಸಾರ್ ಹೇಳಿದ ನಟರ ಮಾತಿಗೆ ಇದೇ ಒಳ್ಳೆಯ ಸಾಕ್ಷಿ. ಕಮಲಿಯಾಗಿ ನಟಿಸಿದ ನಂದಿನಿ ಭಕ್ತವತ್ಸಲ ಅವರಿಗೆ ಅತ್ಯುತ್ತಮ ನಟಿ ರಾಷ್ಟ್ರಪ್ರಶಸ್ತಿ ಬಂತು. ಕಿಟ್ಟಿಯಾದ ಜಿ.ಎಸ್. ನಟರಾಜನಿಗೆ ಅತ್ಯುತ್ತಮ ಬಾಲನಟ ಪ್ರಶಸ್ತಿ. ಚಿತ್ರಕ್ಕೆ ಎರಡನೇ ಅತ್ಯುತ್ತಮ ಚಿತ್ರ ಪ್ರಶಸ್ತಿ. ಯಜಮಾನನ ಪಾತ್ರದಲ್ಲಿ ಅಮರೀಶ್ ಪುರಿ. ಹಿಂದಿಯಲ್ಲಿ ಖಳನಾಯಕನಾಗಿ ಮನೆಮಾತಾಗುವುದಕ್ಕೆ ಎಷ್ಟೋ ವರ್ಷ ಮುಂಚೆ ಅವರು ನಮ್ಮ ಗೌಡರಾಗಿ ಪಂಚೆ ಉಟ್ಟು ನಿಂತಿದ್ದಾರೆ! ಕ್ಯಾಮೆರಾ ಗೋವಿಂದ ನಿಹಲಾನಿ, ಮುಂದೆ ಅವರೂ ದೊಡ್ಡ ನಿರ್ದೇಶಕರಾದರು.

ಇಲ್ಲಿ ತೋಟದ ಲೈನ್ ಮನೆಗಳಲ್ಲಿ ಬೆಳೆಯುವ ಮಕ್ಕಳು ದೊಡ್ಡವರ ಜಗಳವನ್ನು ಬಾಗಿಲ ಸಂದಿಯಿಂದ ನೋಡುವುದನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಆ ಹುಡುಗನ ಮುಖದಲ್ಲಿ ಒಂದು ಚೂರೂ ಸುಳ್ಳಿಲ್ಲ. ಮಕ್ಕಳ ಕೈಯಲ್ಲಿ ಹಾಗೆ ಮಾಡಿಸುವುದು ಎಷ್ಟು ಕಷ್ಟ ಅಂತ ಶಾಲೆಯಲ್ಲಿ ನಾಟಕ ಮಾಡಿಸಿದವರನ್ನು ಕೇಳಿ.

ಬೇಲೂರು ಹುಡುಗ

ಅಕ್ಕಾ, ನಿಮ್ಮ ಬರಹ ಓದಿ ರಾತ್ರಿಯೇ ಕಾಡು ನೋಡಿದೆ. ನಾನು ಇದುವರೆಗೆ ಒಂದಾನೊಂದು ಕಾಲದಲ್ಲಿ ಒಂದನ್ನೇ ನೋಡಿದ್ದದ್ದು, ಅದೂ ಶಂಕ್ರಣ್ಣನಿಗೋಸ್ಕರ. ಅದರ ಬಗ್ಗೆ ಎರಡು ಮಾತು ಹೇಳಲೇಬೇಕು.

1978ರ ಚಿತ್ರ. ಇಬ್ಬರು ಬಾಡಿಗೆ ಸೈನಿಕರು, ಒಬ್ಬ ಶಂಕರ್‌ನಾಗ್, ಇನ್ನೊಬ್ಬ ಸುಂದರಕೃಷ್ಣ ಅರಸ್. ದಾಯಾದಿ ಜಗಳದಲ್ಲಿ ಎದುರು ಬದುರು ಪಕ್ಷ. ಒಬ್ಬರನ್ನೊಬ್ಬರು ಕೊಲ್ಲಬೇಕಾದವರು, ಆದರೆ ಒಬ್ಬರ ಕೈಚಳಕ ಇನ್ನೊಬ್ಬರಿಗೆ ಇಷ್ಟ. ಜಪಾನಿನ ಕುರೊಸಾವ ಅವರ ಸಮುರಾಯ್ ಚಿತ್ರಗಳ ಪ್ರಭಾವ ಎದ್ದು ಕಾಣುತ್ತದೆ, ಅದನ್ನು ಕಾರ್ನಾಡ್ ಯಾವತ್ತೂ ಮುಚ್ಚಿಡಲಿಲ್ಲ. ಆದರೆ ಕತ್ತಿ ವರಸೆ, ಮಾತು, ಬಟ್ಟೆ, ಎಲ್ಲ ನಮ್ಮದು. ಡ್ಯೂಪ್ ಹಾಕಿ ತಂತಿಯಲ್ಲಿ ಹಾರಿಸುವ ಈಗಿನ ಫೈಟ್ ನೋಡಿ ಬೆಳೆದ ನನಗೆ ಅದರಲ್ಲಿ ಇಬ್ಬರೂ ನಿಜವಾಗಿ ಏದುಸಿರು ಬಿಡುವುದೇ ಮೈ ಜುಮ್ಮೆನ್ನಿಸಿತು. ಬೇಲೂರು, ಹಳೇಬೀಡಿನಲ್ಲಿ ವೀರಗಲ್ಲು ನೋಡುತ್ತಲೇ ಬೆಳೆದವನು ನಾನು. ಆ ಕಲ್ಲಿನಲ್ಲಿ ಕತ್ತಿ ಹಿಡಿದು ನಿಂತವರು ಜೀವದಲ್ಲಿ ಹೇಗಿದ್ದರು ಅಂತ ಕೇಳಿದರೆ ಈ ಸಿನಿಮಾ ತೋರಿಸುತ್ತೇನೆ.

ಶಂಕರ್‌ನಾಗ್ ಮೊದಲ ಚಿತ್ರದಲ್ಲೇ ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಅತ್ಯುತ್ತಮ ನಟ ಪ್ರಶಸ್ತಿ ತೆಗೆದುಕೊಂಡರು. ಆಮೇಲೆ ಅವರೂ ನಿರ್ದೇಶಕರಾದರು. ಕೆಲವೇ ವರ್ಷಕ್ಕೆ ಮಾಲ್ಗುಡಿ ಡೇಸ್ ಮಾಡುವಾಗ ಕಾರ್ನಾಡರನ್ನೇ ಕರೆದು ಸ್ವಾಮಿಯ ಅಪ್ಪನ ಪಾತ್ರ ಕೊಟ್ಟರು. ಅದು ನಡೆದದ್ದು ಆಗುಂಬೆಯಲ್ಲಿ, ಶೃಂಗೇರಿಯಿಂದ ಹತ್ತಿರವೇ ಅಲ್ವಾ? ತಾನು ಪರಿಚಯಿಸಿದ ಹುಡುಗನ ಮುಂದೆ ನಟನಾಗಿ ನಿಲ್ಲುವುದಕ್ಕೆ ದೊಡ್ಡ ಮನಸ್ಸು ಬೇಕು.

ಗದ್ದೆ ಬಯಲು, ಮೂಡಿಗೆರೆ

ಎಲ್ಲರೂ ಮೆಚ್ಚಿ ಬರೆಯುತ್ತಿದ್ದೀರಿ, ನಾನು ಇನ್ನೊಂದು ಮಗ್ಗುಲು ಹೇಳುತ್ತೇನೆ. ಕಾರ್ನಾಡ್ ನಿರ್ದೇಶನಕ್ಕೆ ಪೂರ್ತಿ ಕೂತಿದ್ದರೆ ಇನ್ನೂ ಎಷ್ಟೋ ಆಗುತ್ತಿತ್ತು. ಹಿಂದಿ, ತೆಲುಗು, ತಮಿಳು ಅಂತ ಸಾಧಾರಣ ಚಿತ್ರಗಳಲ್ಲೂ ನಟಿಸಿ ಸಮಯ ಕೊಟ್ಟರು. ಅದು ನನಗೆ ಈಗಲೂ ಕೊರಗು. ಸಿನಿಮಾ ದುಡಿಮೆ ತಮಗೆ ನಾಟಕ ಬರೆಯಲು ಬಿಡುವು ಕೊಟ್ಟಿತು ಅನ್ನುವುದು ಅವರ ಮಾತು. ನಾಟಕಕ್ಕೆ ಒಳ್ಳೆಯದೇ ಆಯಿತು, ನಾಗಮಂಡಲ, ತಲೆದಂಡ ಸಿಕ್ಕವು. ಸಿನಿಮಾಕ್ಕೆ ನಷ್ಟ.

ಉತ್ಸವ್ ನೋಡಿ. 1984, ಹಿಂದಿ, ಶಶಿ ಕಪೂರ್ ನಿರ್ಮಾಪಕರು, ರೇಖಾ ವಸಂತಸೇನೆ. ಮೃಚ್ಛಕಟಿಕದ ಕತೆ. ದುಡ್ಡು ಸುರಿದರು, ಕಣ್ಣಿಗೆ ಹಬ್ಬ, ಆದರೆ ಜನ ಬರಲಿಲ್ಲ. ಶಶಿ ಕಪೂರ್ ಕೈ ಸುಟ್ಟುಕೊಂಡರು. ನನಗೂ ಅದರಲ್ಲಿ ಕಾಡು ಚಿತ್ರದ ಬಿಗಿ ಸಿಗಲಿಲ್ಲ.

ಹೇಮಾವತಿ ದಂಡೆ, ಹಾಸನ

ಉತ್ಸವ್ ಸೋತದ್ದು ನಿಜ. ಅದರಲ್ಲೂ ಒಬ್ಬ ಹೊಸಬ ಇದ್ದಾನೆ ನೋಡಿ, ಚಾರುದತ್ತನಾಗಿ ಶೇಖರ್ ಸುಮನ್. 1992ರ ಚೆಲುವಿಯಲ್ಲಿ ಸೋನಾಲಿ ಕುಲಕರ್ಣಿಗೆ ಮೊದಲ ಅವಕಾಶ. ಹುಡುಗಿಯೊಬ್ಬಳು ಹೂವಿನ ಮರವಾಗುವ ನಮ್ಮ ಜನಪದ ಕತೆ ಅದು. ಮರವಾದವಳನ್ನು ಜನ ಹೇಗೆ ಮುರಿಯುತ್ತಾರೆ ಅನ್ನುವುದನ್ನು ನೋಡಿದಾಗ ಎಷ್ಟೋ ಹೊತ್ತು ಮಾತು ಬರುವುದಿಲ್ಲ.

ಇನ್ನೊಂದು ಘಟನೆ ಹೇಳಲೇಬೇಕು. 1974ರಲ್ಲಿ, ಇನ್ನೂ ಮೂವತ್ತಾರರ ಆಸುಪಾಸಿನಲ್ಲಿ, ಅವರು ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್‌ನ ಮುಖ್ಯಸ್ಥರಾದರು. ಆಗ ಅಲ್ಲಿ ನಟನೆ ಕಲಿಯುತ್ತಿದ್ದ ನಸೀರುದ್ದೀನ್ ಶಾ ವಿದ್ಯಾರ್ಥಿಗಳ ಮುಷ್ಕರದಲ್ಲಿ ಮುಂದಿದ್ದರು. ಅಂದರೆ ಕಾರ್ನಾಡರ ವಿರುದ್ಧವೇ ಕೂತಿದ್ದರು. ಆಮೇಲೆ ಶ್ಯಾಮ್ ಬೆನಗಲ್ ನಿಶಾಂತ್ ಚಿತ್ರಕ್ಕೆ ಹೊಸ ನಟನನ್ನು ಹುಡುಕುವಾಗ ಅದೇ ಹುಡುಗನ ಹೆಸರು ಹೇಳಿದವರು ಕಾರ್ನಾಡ್. ತನ್ನ ಜೊತೆ ಜಗಳಕ್ಕೆ ನಿಂತವನ ಪ್ರತಿಭೆಯನ್ನು ಜಗಳದಿಂದ ಬೇರೆ ಮಾಡಿ ನೋಡುವುದು ಎಲ್ಲರಿಗೂ ಆಗುವ ಕೆಲಸ ಅಲ್ಲ. ನಾನು ಮೊದಲು ಬರೆದ ಆ ಕಣ್ಣು ಅಂದರೆ ಇದೇ.

ಗದ್ದೆ ಬಯಲು ಅಣ್ಣ, ನಟನೆಗೆ ಸಮಯ ಹೋಯಿತು ಅನ್ನುವ ಕೊರಗು ನನಗೆ ಅಷ್ಟಿಲ್ಲ. ಮಂಥನ್ ಚಿತ್ರದ ಡಾಕ್ಟರ್ ರಾವ್ ಅವರೇ ಅಲ್ವಾ? ಗುಜರಾತಿನ ಐದು ಲಕ್ಷ ಹಾಲು ಉತ್ಪಾದಕರು ತಲಾ ಎರಡು ರೂಪಾಯಿ ಹಾಕಿ ಮಾಡಿದ ಸಿನಿಮಾ. ಬೆಳಿಗ್ಗೆ ಎದ್ದು ಡೇರಿಗೆ ಹಾಲು ಹಾಕುವ ನಮ್ಮ ಹಾಸನದ ಮಂದಿ ಅದನ್ನೊಮ್ಮೆ ನೋಡಬೇಕು. ಅಂಥ ಪಾತ್ರಗಳನ್ನು ಕಳೆದುಕೊಳ್ಳಲು ನಾನು ತಯಾರಿಲ್ಲ.

ಕೊಪ್ಪದ ಟೀಚರ್

ತಡವಾಗಿ ಬಂದೆ, ಪರೀಕ್ಷೆ ಪೇಪರ್ ತಿದ್ದುವುದಿತ್ತು. ಕಾನೂರು ಹೆಗ್ಗಡಿತಿಯ ಮಾತೇ ಯಾರೂ ಎತ್ತಿಲ್ಲವಲ್ಲ! ಕುವೆಂಪು ಹುಟ್ಟಿದ್ದು ನಮ್ಮ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, ಅವರ ತಾಯಿಯ ತವರು. ಹಾಗಾಗಿ 1999ರ ಈ ಚಿತ್ರದ ಮೇಲೆ ನಮಗೂ ಒಂದು ಹಕ್ಕಿದೆ.

ಅಷ್ಟು ದೊಡ್ಡ ಕಾದಂಬರಿಯನ್ನು ಎರಡು ಚಿಲ್ಲರೆ ಗಂಟೆಗೆ ಇಳಿಸುವುದು ಆಗದ ಕೆಲಸ. ಹೂವಯ್ಯನ ಒಳಗಿನ ಲೋಕ ಚಿತ್ರದಲ್ಲಿ ತೆಳುವಾಗಿದೆ, ಅದು ಸತ್ಯ. ಕಾರ್ನಾಡ್ ತಾವೇ ಚಂದ್ರೇಗೌಡರಾಗಿ ನಟಿಸಿದ್ದಾರೆ. ಸಂಸ್ಕಾರದಲ್ಲಿ ಪ್ರಾಣೇಶಾಚಾರ್ಯನಾಗಿ ಬೆವರಿ ನಡುಗಿದ ಅದೇ ಮನುಷ್ಯ ಇಲ್ಲಿ ದರ್ಪದ, ಲಂಪಟ ಮುದಿ ಯಜಮಾನ. ನನಗೆ ಅವರಿಗಿಂತ ಜಾಸ್ತಿ ಇಷ್ಟವಾದದ್ದು ಸುಬ್ಬಮ್ಮನಾದ ತಾರಾ. ಬಡ ಮನೆಯ ಹುಡುಗಿ ದೊಡ್ಡ ಮನೆಗೆ ಹೆಗ್ಗಡಿತಿಯಾಗಿ ಬಂದು, ಮೊದಲು ಅಧಿಕಾರದ ರುಚಿ ನೋಡಿ, ಆಮೇಲೆ ಅದೇ ಮನೆಯಲ್ಲಿ ಒಂಟಿಯಾಗಿ ಕುಸಿಯುತ್ತಾಳೆ. ತಾರಾ ಅವರ ನಡಿಗೆಯೇ ಬದಲಾಗುತ್ತಾ ಹೋಗುತ್ತದೆ, ಗಮನಿಸಿ. ಆಗಲೇ ಎಷ್ಟೋ ಕಮರ್ಷಿಯಲ್ ಚಿತ್ರ ಮಾಡಿದ್ದ ನಟಿ ಅವರು. ಅವರಲ್ಲಿ ಈ ಸುಬ್ಬಮ್ಮ ಇದ್ದಾಳೆ ಅಂತ ಕಂಡುಕೊಂಡದ್ದಕ್ಕೆ ಕಾರ್ನಾಡರಿಗೆ ಪೂರ್ತಿ ಅಂಕ ಕೊಡುತ್ತೇನೆ. ಸಂಗೀತ ಬಿ.ವಿ. ಕಾರಂತರದು. ವಂಶವೃಕ್ಷದಲ್ಲಿ ಜೊತೆಗೆ ಶುರು ಮಾಡಿದ ಇಬ್ಬರು ಇಪ್ಪತ್ತೆಂಟು ವರ್ಷ ಆದಮೇಲೂ ಒಟ್ಟಿಗೆ ಕೆಲಸ ಮಾಡಿದ್ದು ನೋಡಿ ಖುಷಿಯಾಗುತ್ತದೆ.

ಪಟ್ಟಣದ ಓದುಗ, ಚನ್ನರಾಯಪಟ್ಟಣ

ಟೀಚರ್, ತಾರಾ ವಿಷಯದಲ್ಲಿ ನಾನೂ ನಿಮ್ಮ ಪಕ್ಷ. ಭೈರಪ್ಪನವರ ಕಾದಂಬರಿ ಬಗ್ಗೆ ನನ್ನ ತಕರಾರು ಹಾಗೇ ಇರುತ್ತದೆ, ಅದನ್ನು ಬಿಡುವುದಿಲ್ಲ. ಆದರೂ ವಂಶವೃಕ್ಷ ಇನ್ನೊಮ್ಮೆ ನೋಡುತ್ತೇನೆ, ಈ ಸಲ ಶಾರದಾ ಅವರ ಮುಖ ಬಿಟ್ಟು ಸುತ್ತಲಿನವರನ್ನು ನೋಡುತ್ತೇನೆ. ಶ್ರೋತ್ರಿಯವರು ಕಾಣಿಸಿದರೆ ಇಲ್ಲೇ ಬರೆಯುತ್ತೇನೆ.

ಬೇಲೂರು ಹುಡುಗ

ನನ್ನ ಹಾಗೆ ಹೊಸದಾಗಿ ಶುರು ಮಾಡುವವರು ಯಾವ ಕ್ರಮದಲ್ಲಿ ನೋಡಬೇಕು? ಯಾರಾದರೂ ಹೇಳಿ. ಇಲ್ಲಿ ನನ್ನ ಗೆಳೆಯರು ಮೂರು ನಾಲ್ಕು ಜನ ಇದ್ದಾರೆ, ಪ್ರೊಜೆಕ್ಟರ್ ಇದೆ.

ಕಾಫಿ ಹೂವು, ಸಕಲೇಶಪುರ

ತಮ್ಮಾ, ಮೊದಲು ಸಂಸ್ಕಾರ ನೋಡಿ, ಅದು ಅವರ ನಿರ್ದೇಶನ ಅಲ್ಲದಿದ್ದರೂ ಪರವಾಗಿಲ್ಲ, ಎಲ್ಲದರ ಬೇರು ಅದೇ. ಆಮೇಲೆ ವಂಶವೃಕ್ಷ. ಕಾಡು ನೀವು ನೋಡಿದ್ದೀರಿ, ಗೆಳೆಯರಿಗೋಸ್ಕರ ಇನ್ನೊಮ್ಮೆ ಹಾಕಿ, ಆದರೆ ಮೊಬೈಲಿನಲ್ಲಿ ಬೇಡ, ಕತ್ತಲೆ ದೃಶ್ಯಗಳು ಜಾಸ್ತಿ ಇವೆ. ಶಂಕರ್‌ನಾಗ್ ಅಭಿಮಾನಿಗಳು ಹೇಗೂ ಒಂದಾನೊಂದು ಕಾಲದಲ್ಲಿ ಕೇಳುತ್ತಾರೆ, ಅದನ್ನು ನಡುವೆ ಇಟ್ಟುಕೊಳ್ಳಿ. ಕಾನೂರು ಹೆಗ್ಗಡಿತಿ ಕೊನೆಗೆ, ಕಾದಂಬರಿ ಓದಿದವರು ಒಬ್ಬರಾದರೂ ಜೊತೆಗಿದ್ದರೆ ಒಳ್ಳೆಯದು.

ತುಂಗೆಯ ತಡಿ, ಶೃಂಗೇರಿ

ಮಂಥನ್ ಚಿತ್ರದ ಹಳೆಯ ಪ್ರತಿಯನ್ನು ಸರಿಪಡಿಸಿ 2024ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ತೋರಿಸಿದರು. ಅದೇ ವರ್ಷ ಕಾಸರವಳ್ಳಿಯವರ ಘಟಶ್ರಾದ್ಧ ಹೊಸ ಹೊಳಪಿನಲ್ಲಿ ವೆನಿಸ್‌ನಲ್ಲಿ ಬಂತು. ಕಾಡು, ಸಂಸ್ಕಾರ ಎರಡನ್ನೂ ಹಾಗೇ ಸ್ವಚ್ಛ ಪ್ರತಿಯಲ್ಲಿ, ದೊಡ್ಡ ಪರದೆಯಲ್ಲಿ ನಮ್ಮ ಊರಲ್ಲೇ ನೋಡಬೇಕು ಅಂತ ನನಗೆ ಬಹಳ ಆಸೆ.

ಬೇಲೂರಿನ ಹುಡುಗರು ಸಂಸ್ಕಾರ ನೋಡಿದ ಮೇಲೆ ಒಂದು ಭಾನುವಾರ ಈ ಕಡೆ ಬನ್ನಿ. ವೈಕುಂಠಪುರಕ್ಕೆ ನಾನೇ ಕರೆದುಕೊಂಡು ಹೋಗುತ್ತೇನೆ. ಮಳೆಗಾಲ ಕಳೆದ ಮೇಲೆ ಬಂದರೆ ಒಳ್ಳೆಯದು, ಜಿಗಣೆ ಕಾಟ ಕಡಿಮೆ.